ಅಗ್ಗದ ಮಾರಾಟದಲ್ಲಿ ಹಳೆ ಪುಸ್ತಕ ಹುಡುಕುವುದು ಹೇಗೆ?

ಓದುಗರಿಂದ ಪದೇ ಪದೇ ಬರುವ ಪ್ರಶ್ನೆ ಇದು: 'ಹಳೆ ಪುಸ್ತಕದ ಮಾರಾಟಕ್ಕೆ ಹೋದರೆ ನನಗೇನೂ ಸಿಗುವುದಿಲ್ಲ, ಬೇರೆಯವರಿಗೆ ಮಾತ್ರ ಒಳ್ಳೊಳ್ಳೆಯವು ಸಿಗುತ್ತವೆ. ಏನು ಮಾಡಬೇಕು?' ಇನ್ನು ಕೆಲವರ ದೂರು ಬೇರೆ ಥರದ್ದು. ಅಗ್ಗ ಅಂತ ಚೀಲ ತುಂಬ ತಂದಿರುತ್ತಾರೆ. ಮನೆಗೆ ಬಂದು ನೋಡಿದರೆ ಒಂದರಲ್ಲಿ ನಡುವಿನ ಪುಟಗಳಿಲ್ಲ, ಇನ್ನೊಂದಕ್ಕೆ ಬೂಷ್ಟು ಹಿಡಿದಿದೆ, ಮತ್ತೊಂದು ಬರೀ ಎರಡನೇ ಸಂಪುಟ.

ಅದೃಷ್ಟದ ಪಾಲು ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಎಲ್ಲಿ ನೋಡಬೇಕು, ಹೇಗೆ ನೋಡಬೇಕು ಅನ್ನುವುದು ಕಣ್ಣಿಗೂ ಕೈಗೂ ರೂಢಿಯಾದರೆ ಒಳ್ಳೆ ಪುಸ್ತಕ ತಪ್ಪಿಹೋಗುವುದು ಕಡಿಮೆಯಾಗುತ್ತದೆ. ಹೊಸ ಪುಸ್ತಕದಂಗಡಿಯಲ್ಲಿ ಬೇಕಾದ್ದನ್ನು ಕೇಳಿ ಪಡೆಯುತ್ತೇವೆ. ಹಳೆ ಪುಸ್ತಕದ ರಾಶಿಯಲ್ಲಿ, ಇಂಥದ್ದೊಂದು ಇದೆ ಅಂತಲೇ ಗೊತ್ತಿರದಿದ್ದ ಪುಸ್ತಕ ಕೈಗೆ ಬರುತ್ತದೆ. ನಿಜವಾದ ಖುಷಿ ಇರುವುದು ಅಲ್ಲೇ. ಹಾಗಾಗಿ ಕೆಳಗಿನ ಹೆಜ್ಜೆಗಳನ್ನೆಲ್ಲ ಓದುವವರಿಗಾಗಿ ಬರೆದಿದ್ದೇನೆ. ಕೊಂಡು ಮಾರಿ ಲಾಭ ಮಾಡುವವರ ಲೆಕ್ಕವೇ ಬೇರೆ.

1. ಹೋಗುವ ಮೊದಲು ಪಟ್ಟಿ ಮಾಡಿ

ನೂರಾರು ಪುಸ್ತಕಗಳ ಮುಂದೆ ನಿಂತಾಗ ಬೇಕಾದ ಹೆಸರೇ ನೆನಪಿಗೆ ಬರುವುದಿಲ್ಲ. ಫೋನಿನಲ್ಲೋ ಚಿಕ್ಕ ನೋಟ್‌ಬುಕ್ಕಿನಲ್ಲೋ ಬರೆದುಕೊಂಡು ಹೋಗಿ. ಹುಡುಕುತ್ತಿರುವ ಪುಸ್ತಕಗಳು ಒಂದು ಕಡೆ. ಅರ್ಧ ಮಾತ್ರ ಇರುವ ಸಂಪುಟಗಳು ಇನ್ನೊಂದು ಕಡೆ: ಯಾವ ಭಾಗ ಇದೆ, ಯಾವುದು ಬೇಕು, ಇರುವುದು ಯಾವ ವರ್ಷದ ಮುದ್ರಣ. ಇವೆರಡಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ಮನೆಯಲ್ಲಿ ಈಗಾಗಲೇ ಇರುವ ಪುಸ್ತಕಗಳ ಪಟ್ಟಿ. ಅದನ್ನು ಬರೆಯಲು ಬೇಜಾರಾದರೆ ಕಪಾಟಿನ ಒಂದೊಂದು ಅಂತಸ್ತಿನ ಫೋಟೊ ತೆಗೆದಿಟ್ಟುಕೊಳ್ಳಿ, ಸಾಕು.

ಪಟ್ಟಿಯಲ್ಲಿ ಪುಸ್ತಕದ ಹೆಸರಿಗಿಂತ ಲೇಖಕರ ಹೆಸರು, ವಿಷಯದ ಹೆಸರು ಜಾಸ್ತಿ ಇರಲಿ. ಒಂದೇ ಒಂದು ಪುಸ್ತಕ ಹುಡುಕಿಕೊಂಡು ಹೋದವರು ಬರಿಗೈಲಿ ಬರುವುದೇ ಹೆಚ್ಚು. 'ಹಕ್ಕಿಗಳ ಬಗ್ಗೆ ಏನಾದರೂ', 'ಯಾರದ್ದಾದರೂ ಪತ್ರಗಳು', 'ಗಣಿತವನ್ನು ಸರಳವಾಗಿ ಹೇಳುವಂಥದ್ದು' ಅಂತ ಇಟ್ಟುಕೊಂಡು ಹೋದರೆ ಏನಾದರೊಂದು ಸಿಕ್ಕೇ ಸಿಗುತ್ತದೆ.

ಜೊತೆಗೆ ಎರಡು ಗಟ್ಟಿ ಬಟ್ಟೆ ಚೀಲ, ಒಂದು ಒಣ ಬಟ್ಟೆ, ಚಿಲ್ಲರೆ, ಬೆಳಕಿಗೆ ಫೋನಿನ ಟಾರ್ಚ್. ಓದುವ ಕನ್ನಡಕ ಇದ್ದರೆ ಮರೆಯಬೇಡಿ, ಮುದ್ರಣದ ವಿವರಗಳನ್ನು ತೀರಾ ಸಣ್ಣ ಅಕ್ಷರದಲ್ಲಿ ಹಾಕಿರುತ್ತಾರೆ. ಖರ್ಚಿಗೆ ಒಂದು ಮಿತಿ ಹಾಕಿಕೊಳ್ಳಿ. ಅದರ ಜೊತೆ ಜಾಗಕ್ಕೂ ಮಿತಿ ಹಾಕಿಕೊಳ್ಳಿ. ಅಗ್ಗದ ಮಾರಾಟದಲ್ಲಿ ಮೊದಲು ಮುಗಿಯುವುದು ಜಾಗ, ದುಡ್ಡಲ್ಲ.

2. ಯಾವ ಮಾರಾಟ ಅಂತ ತಿಳಿದುಕೊಳ್ಳಿ

ಅಗ್ಗದ ಮಾರಾಟಗಳೆಲ್ಲ ಒಂದೇ ಥರ ಅಲ್ಲ. ಪ್ರಕಾಶಕರು ಗೋದಾಮು ಖಾಲಿ ಮಾಡುವಾಗ ಸಿಗುವುದು ಖರ್ಚಾಗದೆ ಉಳಿದ ಹೊಸ ಪ್ರತಿಗಳು. ಇವುಗಳ ಅಂಚಿನ ಮೇಲೆ ಕೆಲವೊಮ್ಮೆ ಮಾರ್ಕರ್‌ನಿಂದ ಗೆರೆ ಎಳೆದಿರುತ್ತಾರೆ. ಅಗ್ಗಕ್ಕೆ ಹೋದ ಪ್ರತಿ ಪೂರ್ತಿ ಬೆಲೆಯ ಲೆಕ್ಕದಲ್ಲಿ ಪ್ರಕಾಶಕರಿಗೆ ವಾಪಸ್ ಬರದಿರಲಿ ಅಂತ ಹಾಕುವ ಗುರುತು ಅದು, ದೋಷ ಅಲ್ಲ. ಗ್ರಂಥಾಲಯದ ಮಾರಾಟದಲ್ಲಿ ಗಟ್ಟಿ ಬೈಂಡಿಂಗ್ ಇರುತ್ತದೆ, ಆದರೆ ಮುದ್ರೆ, ಚೀಟಿ, ಅಂಟಿಸಿದ ಜೇಬು ಎಲ್ಲವೂ ಇರುತ್ತವೆ. ಇಂಥ ಪುಸ್ತಕ ಬೇರೆಲ್ಲಾದರೂ ಸಿಕ್ಕರೆ, ಗ್ರಂಥಾಲಯದಿಂದ ತೆಗೆದುಹಾಕಲಾಗಿದೆ ಅನ್ನುವ ಮುದ್ರೆ ಇದೆಯೇ ನೋಡಿ. ಇಲ್ಲದಿದ್ದರೆ ಎಲ್ಲಿಂದ ಬಂತು ಅಂತ ಮಾರುವವರನ್ನು ಕೇಳಿ. ಯಾರೋ ಎರವಲು ತಂದು ಹಿಂತಿರುಗಿಸದ ಪ್ರತಿ ನಮ್ಮ ಮನೆಗೆ ಬರುವುದು ಬೇಡ, ಅಲ್ವಾ?

ತೂಕದ ಲೆಕ್ಕದಲ್ಲಿ ಅಥವಾ ಚೀಲದ ಲೆಕ್ಕದಲ್ಲಿ ಮಾರುವ ಕಡೆ ಎಲ್ಲವೂ ಕಲಸಿಹೋಗಿರುತ್ತವೆ, ತಾಳ್ಮೆ ಬೇಕು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಯಾರದೋ ಮನೆಯ ಸಂಗ್ರಹ ಇಡಿಯಾಗಿ ಮಾರಾಟಕ್ಕೆ ಬಂದಿರುವ ಕಡೆ ಹುಡುಕುವುದು. ಯಾರೋ ಒಬ್ಬ ಓದುಗರು ಜೀವಮಾನವಿಡೀ ಆಯ್ದು ಆಯ್ದು ಕೂಡಿಟ್ಟದ್ದು ಅದು. ಅಲ್ಲಿ ಒಂದು ಒಳ್ಳೆ ಪುಸ್ತಕ ಸಿಕ್ಕರೆ ತಕ್ಷಣ ಮೊದಲ ಹಾಳೆಯಲ್ಲಿ ಬರೆದ ಹೆಸರು ನೋಡಿಕೊಳ್ಳಿ. ಅದೇ ಕೈಬರಹ, ಅದೇ ಸಹಿ ಇರುವ ಬೇರೆ ಪುಸ್ತಕಗಳು ಆಸುಪಾಸಿನಲ್ಲೇ ಇರುತ್ತವೆ. ಅವರ ಅಭಿರುಚಿ ನಿಮ್ಮದರ ಜೊತೆ ಒಮ್ಮೆ ಹೊಂದಿದರೆ ಆ ಹೆಸರಿನ ಜಾಡು ಹಿಡಿದು ಹೋಗುವುದೇ ಒಂದು ಸಂತೋಷ.

ಹೊತ್ತಿನ ವಿಚಾರ: ಆಯ್ಕೆ ಬೇಕಾದರೆ ಮೊದಲ ಗಂಟೆ, ಬೆಲೆ ಇಳಿಯಬೇಕಾದರೆ ಕೊನೆಯ ಗಂಟೆ. ನಡುವೆ ಮೇಜು ಖಾಲಿಯಾದಂತೆ ಹೊಸ ಪೆಟ್ಟಿಗೆ ಬಿಚ್ಚುತ್ತಾರೆ. ಯಾವಾಗ ಬಿಚ್ಚುತ್ತೀರಿ ಅಂತ ಕೇಳಿದರೆ ಹೇಳುತ್ತಾರೆ.

3. ರಾಶಿಯನ್ನು ನೋಡುವ ಕ್ರಮ

ಮೊದಲು ಏನನ್ನೂ ಮುಟ್ಟದೆ ಒಂದು ಸುತ್ತು ಹಾಕಿ ಬನ್ನಿ. ಎಲ್ಲಿ ಏನಿದೆ ಅಂತ ಅಂದಾಜು ಸಿಗುತ್ತದೆ. ಆಮೇಲೆ ಜನ ಕಡಿಮೆ ಇರುವ ಮೂಲೆಯಿಂದ ಶುರುಮಾಡಿ.

ಪುಸ್ತಕದ ಬೆನ್ನಿನ ಮೇಲಿನ ಹೆಸರು ಇಂಗ್ಲಿಷ್ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಮೇಲಿನಿಂದ ಕೆಳಕ್ಕೆ ಓಡುತ್ತದೆ, ಫ್ರೆಂಚ್ ಪುಸ್ತಕಗಳಲ್ಲಿ ಹೆಚ್ಚಾಗಿ ಕೆಳಗಿನಿಂದ ಮೇಲಕ್ಕೆ. ಎರಡೂ ಬೆರೆತ ಸಾಲಿನಲ್ಲಿ ಕತ್ತು ಆ ಕಡೆ ಈ ಕಡೆ ತಿರುಗಿಸುತ್ತಾ ಹೋದರೆ ಹತ್ತೇ ನಿಮಿಷಕ್ಕೆ ಸುಸ್ತು. ಒಂದು ಸಲ ಒಂದು ದಿಕ್ಕಿನವನ್ನು ಮಾತ್ರ ಓದಿ, ವಾಪಸ್ ಬರುವಾಗ ಇನ್ನೊಂದು ದಿಕ್ಕಿನವನ್ನು ಓದಿ.

ಬೆನ್ನೇ ಇಲ್ಲದ ತೆಳು ಪುಸ್ತಕಗಳನ್ನು ಬಿಡಬೇಡಿ. ದಪ್ಪ ಪುಸ್ತಕಗಳ ನಡುವೆ ಸಿಕ್ಕಿಕೊಂಡ ಕಿರುಹೊತ್ತಗೆ, ಸ್ಮರಣ ಸಂಚಿಕೆ, ಪ್ರದರ್ಶನವೊಂದರ ಕೈಪಿಡಿ, ಭಾಷಣದ ಪ್ರತಿ ಇವೆಲ್ಲ ಮತ್ತೆ ಅಚ್ಚಾಗುವುದು ಅಪರೂಪ. ಹೆಸರಾಂತ ಕಾದಂಬರಿ ಇವತ್ತಲ್ಲ ನಾಳೆ ಸಿಕ್ಕೇ ಸಿಗುತ್ತದೆ. ನಲವತ್ತು ಪುಟದ ಈ ತೆಳು ಪುಸ್ತಕ ಸಿಗುವುದಿಲ್ಲ. ಹಾಗೆಯೇ ತಪ್ಪು ವಿಭಾಗಕ್ಕೆ ಸೇರಿದವು: ಮಕ್ಕಳ ಪುಸ್ತಕದ ಪೆಟ್ಟಿಗೆಯಲ್ಲಿ ಒಳ್ಳೆ ಜಾನಪದ ಕತೆಗಳು, ಅಡುಗೆ ಪುಸ್ತಕಗಳ ನಡುವೆ ಸಸ್ಯಶಾಸ್ತ್ರ, ಪಠ್ಯಪುಸ್ತಕದ ಗುಡ್ಡೆಯಲ್ಲಿ ಹಳೆ ನಿಘಂಟು.

ಇಷ್ಟವಾದದ್ದನ್ನು ಕೈಯಲ್ಲೇ ಇಟ್ಟುಕೊಳ್ಳಿ. 'ಆಮೇಲೆ ಬಂದು ನೋಡೋಣ' ಅಂತ ಇಟ್ಟು ಹೋದ ಪುಸ್ತಕ ಆಮೇಲೆ ಇರುವುದಿಲ್ಲ.

ಎಚ್ಚರಿಕೆ: ಬಿಗಿಯಾಗಿ ಜೋಡಿಸಿದ ಸಾಲಿನಿಂದ ಪುಸ್ತಕ ತೆಗೆಯುವಾಗ ಬೆನ್ನಿನ ಮೇಲ್ತುದಿಗೆ ಬೆರಳು ಹಾಕಿ ಎಳೆಯಬೇಡಿ, ಹಳೆ ರಟ್ಟಿನ ಪುಸ್ತಕ ಹರಿಯುವುದೇ ಅಲ್ಲಿಂದ. ಅಕ್ಕಪಕ್ಕದ ಎರಡನ್ನು ಸ್ವಲ್ಪ ಒಳಗೆ ತಳ್ಳಿ, ನಿಮಗೆ ಬೇಕಾದ್ದರ ನಡುಭಾಗ ಹಿಡಿದು ತೆಗೆಯಿರಿ.

4. ಕೈಗೆ ಬಂದ ಪುಸ್ತಕವನ್ನು ಪರೀಕ್ಷಿಸಿ

ಜನ ಅವಸರ ಮಾಡುವುದು ಇಲ್ಲೇ. ಒಂದು ಪುಸ್ತಕಕ್ಕೆ ಎರಡು ನಿಮಿಷ ಕೊಟ್ಟರೆ ಮುಕ್ಕಾಲು ಪಾಲು ನಿರಾಸೆ ತಪ್ಪುತ್ತದೆ.

ಮೊದಲು ಮೂಸಿ ನೋಡಿ. ಮರದ ತಿರುಳಿನಿಂದ ಮಾಡಿದ ಕಾಗದದಲ್ಲಿ ಲಿಗ್ನಿನ್ ಅನ್ನುವ ವಸ್ತು ಇರುತ್ತದೆ. ಮರಕ್ಕೆ ಬಿಗಿ ಕೊಡುವುದು ಅದೇ. ವರ್ಷಗಳು ಕಳೆದಂತೆ ಅದು ಒಡೆಯುವಾಗ ವೆನಿಲಾದ ಘಮಕ್ಕೆ ಕಾರಣವಾದ ವೆನಿಲಿನ್ ಕೂಡ ಹೊರಬರುತ್ತದೆ. ಹಳೆ ಪುಸ್ತಕದ ಆ ಸಿಹಿ ವಾಸನೆಗೆ ಹೆದರಬೇಕಿಲ್ಲ. ಮುಗ್ಗಲು ವಾಸನೆ ಬಂದರೆ ಮಾತ್ರ ಹುಷಾರು: ಪುಸ್ತಕ ತೇವದಲ್ಲಿ ಇತ್ತು ಅಂತ ಅರ್ಥ.

ಆಮೇಲೆ ಬೆನ್ನಿನ ಮೇಲ್ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ಹಾಳೆಗಳು ಮಡಿಸಿದ ಪುಟ್ಟ ಪುಟ್ಟ ಕಟ್ಟುಗಳಾಗಿ ಕಂಡು, ಕಟ್ಟಿನ ನಟ್ಟನಡುವೆ ದಾರ ಕಂಡರೆ ಅದು ಹೊಲಿಗೆ ಬೈಂಡಿಂಗ್. ಬಿಡಿ ಹಾಳೆಗಳು ಅಂಟಿನಲ್ಲಿ ಸಾಲಾಗಿ ಕೂತಿದ್ದರೆ ಅದು ಅಂಟಿನ ಬೈಂಡಿಂಗ್, ಅಂಗಡಿಯವರ ಮಾತಲ್ಲಿ ಪರ್ಫೆಕ್ಟ್ ಬೈಂಡಿಂಗ್. ಹೊಲಿದದ್ದು ಎಷ್ಟೇ ಸವೆದಿದ್ದರೂ ರಿಪೇರಿ ಮಾಡಿಸಬಹುದು. ಅಂಟಿನದ್ದು ಒಣಗಿ ಬಿರುಕು ಬಿಟ್ಟಿದ್ದರೆ ಓದುತ್ತಾ ಓದುತ್ತಾ ಹಾಳೆಗಳು ಕೈಗೆ ಬರುತ್ತವೆ. ನಡುವೆ ಮೆಲ್ಲಗೆ ತೆರೆದು ಕಿವಿಗೊಡಿ. 'ಚಟ್' ಅಂತ ಸದ್ದು ಬಂದರೆ ಅಂಟು ಹೋಗಿದೆ.

ಈಗ ಪುಟಗಳು. ಒಂದೊಂದೇ ಎಣಿಸುತ್ತಾ ಕೂರಬೇಕಿಲ್ಲ. ದೊಡ್ಡ ಹಾಳೆಯ ಮೇಲೆ ಹಲವು ಪುಟಗಳನ್ನು ಒಟ್ಟಿಗೆ ಅಚ್ಚು ಹಾಕಿ ಮಡಿಸಿ ಪುಸ್ತಕ ಮಾಡುತ್ತಾರೆ. ಹೀಗೆ ಮಡಿಸಿದ ಒಂದು ಕಟ್ಟಿಗೆ ಅಚ್ಚಿನ ಮನೆಯವರು ಫಾರಂ ಅನ್ನುತ್ತಾರೆ. ಒಂದು ಫಾರಂ ಅಂದರೆ ಸಾಮಾನ್ಯವಾಗಿ 16 ಪುಟ. ಬೈಂಡಿಂಗ್ ಮಾಡುವಾಗ ತಪ್ಪಾದರೆ ಇಡೀ ಫಾರಂ ಬಿಟ್ಟುಹೋಗುತ್ತದೆ, ಇಲ್ಲವೇ ಒಂದೇ ಫಾರಂ ಎರಡು ಸಲ ಸೇರುತ್ತದೆ. 48ನೇ ಪುಟ ಆದಮೇಲೆ 65 ಬಂದರೆ ಒಂದು ಫಾರಂ ಹೋಗಿದೆ ಅಂತ ಲೆಕ್ಕ. ಹೆಬ್ಬೆರಳಿನಿಂದ ಹಾಳೆಗಳನ್ನು ಸರಸರ ಬಿಡುತ್ತಾ ಮೂಲೆಯ ಅಂಕಿಗಳ ಮೇಲೆ ಕಣ್ಣಿಡಿ, ಜಿಗಿದದ್ದು ಗೊತ್ತಾಗುತ್ತದೆ. ಬಲಗಡೆ ಪುಟಕ್ಕೆ ಯಾವಾಗಲೂ ಬೆಸ ಸಂಖ್ಯೆ ಇರುತ್ತದೆ. ಹರಿದು ತೆಗೆದ ಹಾಳೆ ಇದ್ದರೆ ಬೆನ್ನಿನ ಹತ್ತಿರ ಸಣ್ಣ ಚೂರು ಉಳಿದಿರುತ್ತದೆ.

ಕೊನೆಯ ಪುಟವನ್ನು ತಪ್ಪದೆ ನೋಡಿ. ಪರಿವಿಡಿಯಲ್ಲಿ ಕೊನೆಗೆ ಏನಿದೆಯೋ ಅದು ಪುಸ್ತಕದಲ್ಲೂ ಇರಬೇಕು. ಪ್ರವಾಸದ, ಇತಿಹಾಸದ, ಕಲೆಯ ಪುಸ್ತಕವಾದರೆ ಚಿತ್ರಗಳ ಪಟ್ಟಿ ಹುಡುಕಿ ತಾಳೆ ಹಾಕಿ. ಬೇರೆ ಕಾಗದದ ಮೇಲೆ ಅಚ್ಚಾದ ಚಿತ್ರಗಳು, ಮಡಿಸಿಟ್ಟ ನಕ್ಷೆಗಳು ಪುಟಸಂಖ್ಯೆಯ ಲೆಕ್ಕಕ್ಕೆ ಹೆಚ್ಚಾಗಿ ಸೇರಿರುವುದಿಲ್ಲ. ಅವುಗಳನ್ನು ಕಿತ್ತು ಚೌಕಟ್ಟು ಹಾಕಿಸಿ ಮಾರುವವರೂ ಇದ್ದಾರೆ.

ಹುಳದ ಗುರುತು ಎರಡು ಬಗೆ. ಹಾಳೆಯ ಮೇಲ್ಪದರ ಅಲ್ಲಲ್ಲಿ ಕೆರೆದಂತೆ ತೆಳುವಾಗಿದ್ದರೆ ಅದು ಬೆಳ್ಳಗೆ ಹೊಳೆಯುತ್ತಾ ಓಡುವ ಸಿಲ್ವರ್‌ಫಿಶ್ ಹುಳದ ಕೆಲಸ. ಗಂಜಿಯ ಅಂಟು ಅಂದರೆ ಅದಕ್ಕೆ ಪ್ರಾಣ. ಗುಂಡಗೆ ತೂತು ಕೊರೆದಿದ್ದರೆ ಅದು ಪುಟ್ಟ ದುಂಬಿಯ ಮರಿಹುಳದ್ದು. ಹಳೆ ತೂತು ಇದ್ದರೂ ಪರವಾಗಿಲ್ಲ. ಪುಸ್ತಕವನ್ನು ಬಿಳಿ ಕಾಗದದ ಮೇಲೆ ಮೆಲ್ಲಗೆ ತಟ್ಟಿದಾಗ ಹೊಸ ಪುಡಿ ಉದುರಿದರೆ ಹುಳ ಇನ್ನೂ ಒಳಗಿರಬಹುದು.

ಕಂದು ಚುಕ್ಕೆಗಳಿಗೆ ಹೆದರಬೇಡಿ. ಫಾಕ್ಸಿಂಗ್ ಅನ್ನುತ್ತಾರೆ ಅದಕ್ಕೆ. ತೇವ, ಕಾಗದದಲ್ಲಿರುವ ಕಬ್ಬಿಣದ ಕಣ, ಶಿಲೀಂಧ್ರ ಇವುಗಳಿಂದ ಬರುವ ಕಲೆ. ಓದಲು ಏನೂ ತೊಂದರೆ ಇಲ್ಲ.

ಕೊನೆಗೆ ಕಾಗದದ ಬಾಳಿಕೆ. 19ನೇ ಶತಮಾನದ ನಡುಭಾಗದ ನಂತರ ಮರದ ತಿರುಳಿನ ಕಾಗದ ಎಲ್ಲೆಡೆ ಬಂತು. ಅದರ ಜೊತೆ ಬಳಸಿದ ಆಲಂ ಅನ್ನುವ ಲವಣ ಕಾಗದದೊಳಗೆ ಆಮ್ಲ ಉಳಿಸಿತು. ಹಾಗಾಗಿ ಇನ್ನೂರು ವರ್ಷ ಹಿಂದಿನ ಚಿಂದಿಬಟ್ಟೆಯ ಕಾಗದ ಗಟ್ಟಿಯಾಗಿದ್ದು, ಎಂಬತ್ತು ವರ್ಷದ ಹಿಂದಿನದು ಹಪ್ಪಳದಂತೆ ಮುರಿಯುವುದುಂಟು. ಪುಟದ ಮೂಲೆಯನ್ನು ಮಡಿಸಿ ನೋಡಬೇಡಿ, ಸುಮ್ನೆ ಮುರಿಯುತ್ತದೆ. ಹಾಳೆಯನ್ನು ಮೆಲ್ಲಗೆ ಬಾಗಿಸಿದರೆ ಸಾಕು, ಬಾಗುತ್ತದೆಯೋ ಗಡುಸಾಗಿದೆಯೋ ತಿಳಿಯುತ್ತದೆ. ಈಚಿನ ಕೆಲವು ಪುಸ್ತಕಗಳಲ್ಲಿ ವೃತ್ತದೊಳಗೆ ಅನಂತದ ಚಿಹ್ನೆ, ಅಂದರೆ ಮಲಗಿದ ಎಂಟು, ಅಚ್ಚು ಹಾಕಿರುತ್ತಾರೆ. ಅದು ಆಮ್ಲ ಇಲ್ಲದ, ಬಹುಕಾಲ ಬಾಳುವ ಕಾಗದದ ಗುರುತು.

5. ಮುದ್ರಣದ ವಿವರ ಓದಿ

ಶೀರ್ಷಿಕೆ ಪುಟದ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಿರುತ್ತವೆ. ಪುಸ್ತಕದ ಪೂರ್ವಾಪರ ಅಲ್ಲಿದೆ. ಕೆಲವು ಹಳೆ ಪುಸ್ತಕಗಳಲ್ಲಿ ಈ ವಿವರ ಕೊನೆಯ ಪುಟದಲ್ಲಿರುತ್ತದೆ.

ಆವೃತ್ತಿ, ಮುದ್ರಣ ಎರಡೂ ಒಂದೇ ಅಲ್ಲ. ಲೇಖಕರು ತಿದ್ದಿದರೆ, ಹೊಸ ಅಧ್ಯಾಯ ಸೇರಿಸಿದರೆ ಅದು ಹೊಸ ಆವೃತ್ತಿ. ಏನೂ ಬದಲಿಸದೆ ಮತ್ತೆ ಅಚ್ಚು ಹಾಕಿದರೆ ಮರುಮುದ್ರಣ. ಓದುವವರಿಗೆ ಕೆಲವು ಸಲ ಮೊದಲನೆಯದಕ್ಕಿಂತ ತಿದ್ದಿದ ಮೂರನೇ ಆವೃತ್ತಿಯೇ ಲೇಸು. 'ಸಂಕ್ಷಿಪ್ತ' ಅನ್ನುವ ಪದ ಮುಖಪುಟದಲ್ಲಿ ಇಲ್ಲದಿದ್ದರೂ ಈ ಪುಟದಲ್ಲಿ ಇರಬಹುದು. ಅನುವಾದವಾದರೆ ಅನುವಾದಕರ ಹೆಸರನ್ನು ಇಲ್ಲಿ ಖಾತ್ರಿ ಮಾಡಿಕೊಳ್ಳಿ. ಒಂದೇ ಕೃತಿಗೆ ಮೂರ್ನಾಲ್ಕು ಅನುವಾದಗಳಿದ್ದಾಗ ಅಗ್ಗಕ್ಕೆ ಸಿಕ್ಕ ಅನುವಾದ ನೀವು ಹುಡುಕುತ್ತಿದ್ದದ್ದು ಆಗಿರಬೇಕಿಲ್ಲ.

10 9 8 7 6 5 4 3 ಅನ್ನುವಂಥ ಅಂಕಿಗಳ ಸಾಲು ಕಂಡರೆ ಅದರಲ್ಲಿ ಅತಿ ಚಿಕ್ಕ ಅಂಕಿ ನೋಡಿ. ಇಲ್ಲಿ ಅದು 3, ಅಂದರೆ ಮೂರನೇ ಮುದ್ರಣ. ಪ್ರತಿ ಸಲ ಅಚ್ಚು ಹಾಕುವಾಗ ಒಂದು ಅಂಕಿ ತೆಗೆಯುತ್ತಾರೆ, ಹೊಸದಾಗಿ ಅಕ್ಷರ ಜೋಡಿಸುವುದಕ್ಕಿಂತ ಅದು ಸುಲಭ.

ಐಎಸ್‌ಬಿಎನ್ ಅಂದರೆ ಪುಸ್ತಕಕ್ಕೆ ಕೊಡುವ ಅಂತರರಾಷ್ಟ್ರೀಯ ಗುರುತಿನ ಸಂಖ್ಯೆ. 1970ರಲ್ಲಿ ಅಂತರರಾಷ್ಟ್ರೀಯ ಮಾನದಂಡವಾಯಿತು. ಮೊದಲು 10 ಅಂಕಿ ಇತ್ತು, 2007ರ ಜನವರಿ 1ರಿಂದ 13 ಅಂಕಿ ಆಯಿತು. ಬರೀ 10 ಅಂಕಿಯದ್ದು ಇದ್ದರೆ ಆ ಪ್ರತಿ 2007ಕ್ಕಿಂತ ಹಿಂದಿನದು ಅಂತ ಹೆಚ್ಚುಕಡಿಮೆ ಹೇಳಬಹುದು. ಹಳೆ ಸಂಖ್ಯೆಯ ಕೊನೆಯಲ್ಲಿ ಎಕ್ಸ್ ಅಕ್ಷರ ಕಂಡರೆ ಅದು ಅಚ್ಚಿನ ತಪ್ಪಲ್ಲ, 10 ಅನ್ನುವುದರ ಗುರುತು. ಫೋನಿನಲ್ಲಿ ಹುಡುಕುವಾಗ ಆ ಅಕ್ಷರವನ್ನೂ ಸೇರಿಸಿ. ಒಂದೇ ಪುಸ್ತಕದ ರಟ್ಟಿನ ಪ್ರತಿಗೂ ತೆಳು ಹೊದಿಕೆಯ ಪ್ರತಿಗೂ ಬೇರೆ ಬೇರೆ ಸಂಖ್ಯೆ ಇರುತ್ತದೆ, ಬೆಲೆ ಹೋಲಿಸುವಾಗ ಇದು ನೆನಪಿರಲಿ.

ಲೇಖಕರ ಸಹಿ ಕಂಡರೆ ಹಿಗ್ಗುವ ಮೊದಲು ಹಾಳೆಯನ್ನು ಓರೆಯಾಗಿ ಬೆಳಕಿಗೆ ಹಿಡಿಯಿರಿ. ಪೆನ್ನಿನ ಒತ್ತು, ಶಾಯಿ ಹಿಂಬದಿಗೆ ಇಳಿದಿರುವುದು ಕಂಡರೆ ಕೈಯಿಂದ ಹಾಕಿದ್ದು. ಸುತ್ತಲಿನ ಅಕ್ಷರದಷ್ಟೇ ಸಮನಾಗಿ ಕಪ್ಪಾಗಿದ್ದರೆ ಅಚ್ಚಿನ ಸಹಿ ಇರಬಹುದು.

6. ಎಷ್ಟೇ ಅಗ್ಗವಾದರೂ ಬಿಟ್ಟು ಬರಬೇಕಾದವು

ಬೂಷ್ಟು ಹಿಡಿದದ್ದು. ನವಿರು ಕೂದಲಿನಂತೆ ಬೆಳೆದಿದ್ದರೆ, ಮುಟ್ಟಿದಾಗ ಅಂಟಂಟಾಗಿದ್ದರೆ ಅದಿನ್ನೂ ಜೀವಂತವಾಗಿದೆ. ಕಪಾಟಿನ ಬೇರೆ ಪುಸ್ತಕಗಳಿಗೂ ಹಬ್ಬಬಹುದು, ಉಬ್ಬಸ, ಅಲರ್ಜಿ ಇರುವವರಿಗಂತೂ ಅಪಾಯ.

ಹಳೆ ವೈದ್ಯಕೀಯ, ಕಾನೂನು, ತೆರಿಗೆ, ಕಂಪ್ಯೂಟರ್ ಕೈಪಿಡಿಗಳು. ಆ ಕಾಲದ ಇತಿಹಾಸ ಅಂತ ಓದುವುದಾದರೆ ಸರಿ, ಅನುಸರಿಸಲು ಬೇಡ.

ಕದ್ದು ಅಚ್ಚು ಹಾಕಿದ ಪ್ರತಿಗಳು. ಅಕ್ಷರ ಮಸುಕು, ಅಂಚು ಸೊಟ್ಟ, ಮುಖಪುಟದ ಬಣ್ಣ ಕದಡಿದಂತೆ, ಕಾಗದ ತೀರಾ ತೆಳು. ಲೇಖಕರಿಗೆ ಒಂದು ಕಾಸೂ ಸೇರದ ಇಂಥದ್ದಕ್ಕಿಂತ ನ್ಯಾಯವಾಗಿ ಮಾರಿದ ಹಳೆ ಪ್ರತಿ ಎಷ್ಟೋ ಮೇಲು.

ಬಿಡಿ ಸಂಪುಟಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆಯವರಿಗಿಂತ ಭಿನ್ನ. ಪತ್ರ, ಪ್ರಬಂಧ, ಸಣ್ಣಕತೆಗಳ ಒಂದೇ ಸಂಪುಟ ಸಿಕ್ಕರೂ ತನ್ನಿ, ಅದು ತನ್ನಷ್ಟಕ್ಕೆ ಪೂರ್ತಿ. ಕಾದಂಬರಿಯ ಎರಡನೇ ಭಾಗ ಮಾತ್ರ ಬೇಡ.

ಇನ್ನೊಂದು ಮಾತು, ತೀರಾ ಹಳೆ ಪುಸ್ತಕ ಹುಡುಕುವವರಿಗೆ. 19ನೇ ಶತಮಾನದ ಕೆಲವು ಕಡುಹಸಿರು ಬಟ್ಟೆಯ ರಟ್ಟುಗಳಲ್ಲಿ ಆರ್ಸೆನಿಕ್ ಅನ್ನುವ ವಿಷ ಇರುವ ಬಣ್ಣ ಬಳಸಿದ್ದರು. ಅಮೆರಿಕದ ವಿಂಟರ್‌ಥರ್ ಮ್ಯೂಸಿಯಂ 2019ರಿಂದ ಇಂಥ ಪುಸ್ತಕಗಳನ್ನು ಗುರುತಿಸುತ್ತಿದೆ. ಆ ಕಾಲದ ಹೊಳೆಯುವ ಹಸಿರು ಬಟ್ಟೆಯ ರಟ್ಟು ಸಿಕ್ಕರೆ ಮಕ್ಕಳ ಕೈಗೆ ಕೊಡಬೇಡಿ, ಮುಟ್ಟಿದ ಮೇಲೆ ಕೈ ತೊಳೆಯಿರಿ.

7. ದುಡ್ಡು ಕೊಡುವ ಮೊದಲು

ಆಯ್ದದ್ದನ್ನೆಲ್ಲ ಒಂದು ಮೂಲೆಯಲ್ಲಿಟ್ಟು ಮತ್ತೊಮ್ಮೆ ಆಯಿರಿ. ಪ್ರತಿಯೊಂದರಲ್ಲೂ ನಡುವಿನ ಒಂದು ಪುಟ ಓದಿ. ಮುಂದಿನ ಪುಟ ತಿರುಗಿಸಬೇಕು ಅನ್ನಿಸಿದರೆ ಇರಲಿ, ಇಲ್ಲದಿದ್ದರೆ ಎಲ್ಲಿಂದ ತೆಗೆದಿರೋ ಅಲ್ಲೇ ಇಟ್ಟುಬನ್ನಿ. ಅಗ್ಗವಾಗಿದೆ ಅನ್ನುವುದೊಂದೇ ಕಾರಣ ಉಳಿದಿದ್ದರೆ ಅದೂ ವಾಪಸ್.

ಚೌಕಾಶಿ ಮಾಡಬಹುದಾದ ಕಡೆ ಹಲವನ್ನು ಒಟ್ಟಿಗೆ ಇಟ್ಟು ಕೇಳಿ. ದೋಷ ಇದ್ದರೆ ತೋರಿಸಿ ಹೇಳಿ. ಯಾವುದಾದರೂ ಉಪಕಾರಕ್ಕಾಗಿ ನಡೆಯುವ ಮಾರಾಟದಲ್ಲಿ ಕೇಳಿದಷ್ಟು ಕೊಟ್ಟುಬಿಡಿ.

8. ಮನೆಗೆ ತಂದ ಮೇಲೆ

ತಂದ ದಿನವೇ ಕಪಾಟಿಗೆ ಸೇರಿಸಬೇಡಿ. ಒಂದೆರಡು ವಾರ ಬೇರೆ ಕಡೆ, ಗಾಳಿಯಾಡುವ ನೆರಳಿನಲ್ಲಿ ಇಡಿ. ಒಣ ಬ್ರಷ್‌ನಿಂದ ಬೆನ್ನಿನ ಕಡೆಯಿಂದ ಹೊರಗಿನ ಅಂಚಿನ ಕಡೆಗೆ ಧೂಳು ತೆಗೆಯಿರಿ. ನೀರು ತಾಗಿಸಬೇಡಿ, ಬಿಸಿಲಿಗೆ ಹಾಕಬೇಡಿ.

ವಾಸನೆ ಹೋಗಬೇಕಾದರೆ ಮುಚ್ಚಳದ ಡಬ್ಬಿಯಲ್ಲಿ ಪುಸ್ತಕವನ್ನು ನಿಲ್ಲಿಸಿ, ಪಕ್ಕದಲ್ಲಿ ಒಂದು ಬಟ್ಟಲು ಅಡುಗೆ ಸೋಡ ಇಡಿ. ಪುಡಿ ಪುಸ್ತಕಕ್ಕೆ ತಾಗಬಾರದು. ಕೆಲವು ದಿನ ಬೇಕಾಗುತ್ತದೆ.

ಹುಳದ ಅನುಮಾನ ಇದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಹೋಗದಂತೆ ಕಟ್ಟಿ ಫ್ರೀಜರ್‌ನಲ್ಲಿಡಿ. ಮೈನಸ್ 20 ಡಿಗ್ರಿ ಸೆಲ್ಸಿಯಸ್ ಇದ್ದರೆ ಕನಿಷ್ಠ ಒಂದು ವಾರ. ಮನೆಯ ಫ್ರೀಜರ್ ಅಷ್ಟು ತಣ್ಣಗಾಗದಿದ್ದರೆ ಎರಡು ವಾರ ಬಿಡಿ. ಹೊರತೆಗೆದ ಕೂಡಲೇ ಚೀಲ ಬಿಚ್ಚಬೇಡಿ, ಒಳಗೆ ನೀರು ಕಟ್ಟುತ್ತದೆ. ಒಂದಿಡೀ ದಿನ ಹಾಗೇ ಬಿಟ್ಟು ಆಮೇಲೆ ಬಿಚ್ಚಿ. ಚರ್ಮದ ಬೈಂಡಿಂಗ್ ಇರುವುದಕ್ಕೆ, ಫೋಟೊ ಅಂಟಿಸಿದ್ದಕ್ಕೆ ಇದನ್ನು ಮಾಡಬೇಡಿ. ಬೂಷ್ಟು ಇದರಿಂದ ಸಾಯುವುದಿಲ್ಲ, ಸುಮ್ಮನಾಗುತ್ತದೆ ಅಷ್ಟೇ. ಕೋಣೆಯ ತೇವಾಂಶ ಶೇ. 65 ದಾಟದಂತೆ ನೋಡಿಕೊಂಡರೆ ಅದು ಸುಲಭಕ್ಕೆ ಬೆಳೆಯುವುದಿಲ್ಲ.

ಪುಟಗಳ ನಡುವೆ ಪತ್ರ, ಫೋಟೊ ಸಿಕ್ಕರೆ ಮಾರಿದವರಿಗೆ ತಿಳಿಸಿ, ಮನೆಯವರಿಗೆ ಅದು ಬೇಕಾಗಿರಬಹುದು. ಹಳೆ ಓದುಗರು ಪೆನ್ಸಿಲ್‌ನಲ್ಲಿ ಬರೆದ ಟಿಪ್ಪಣಿಗಳನ್ನು ಮಾತ್ರ ಅಳಿಸಬೇಡಿ ಅಂತ ನನ್ನ ಕೋರಿಕೆ. ಅವರು ಎಲ್ಲಿ ಒಪ್ಪಿದರು, ಎಲ್ಲಿ ಜಗಳ ತೆಗೆದರು ಅನ್ನುವುದು ಪುಸ್ತಕದ ಜೊತೆ ಪುಕ್ಕಟೆಯಾಗಿ ಬಂದ ಎರಡನೇ ಓದು.

ಹರಿದ ಹಾಳೆಗೆ ಸೆಲೊಟೇಪ್ ಹಾಕಬೇಡಿ. ಕೆಲವೇ ವರ್ಷಗಳಲ್ಲಿ ಅದರ ಅಂಟು ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ, ಟೇಪು ಉದುರಿದರೂ ಕಲೆ ಹೋಗುವುದಿಲ್ಲ. ಹೊಲಿಗೆ ಬಿಟ್ಟಿದ್ದರೆ ಬೈಂಡಿಂಗ್ ಮಾಡುವವರಿಗೆ ಕೊಡಿ. ಕೊಡುವಾಗಲೇ ಎರಡು ಮಾತು ಹೇಳಿ: ಅಂಚು ಕತ್ತರಿಸುವುದು ಬೇಡ, ಹಳೆ ಮುಖಪುಟ ಎಸೆಯುವುದು ಬೇಡ, ಒಳಗೆ ಸೇರಿಸಿ ಹೊಲಿಯಲಿ. ಹೇಳದಿದ್ದರೆ ಎಷ್ಟೋ ಕಡೆ ಎರಡನ್ನೂ ಮಾಡಿಬಿಡುತ್ತಾರೆ.